ಆಷಾಢದ ಬೆಳೆ: ಗುಡ್ಡದ ಕೇರಿಯ ಗಾಳಿಯಂತ್ರ, ಮೂರು ಮಳೆಗಾಲಗಳ ನಂತರ

ಕುಮಟಾದಿಂದ ಗೋಕರ್ಣದ ಕಡೆಗೆ ಹೋಗುವಾಗ, ಅಘನಾಶಿನಿಯ ಅಳಿವೆ ಕಣ್ಣಿಗೆ ಬೀಳುವಷ್ಟು ಎತ್ತರದ ಕೆಂಪುಕಲ್ಲಿನ ಗುಡ್ಡವೊಂದರ ಮೇಲೆ ಆರು ಮನೆಗಳ ನಮ್ಮ ಕೇರಿ ಇದೆ. ವಿದ್ಯುತ್ ತಂತಿ ನಮ್ಮಲ್ಲಿಗೆ ಬಂದು ಮುಗಿಯುತ್ತದೆ, ನಮ್ಮಿಂದಾಚೆಗೆ ಕಂಬವಿಲ್ಲ. ತಂತಿಯ ತುದಿಯಲ್ಲಿರುವವರಿಗೆ ಎಲ್ಲರೂ ಬಳಸಿ ಉಳಿದ ವೋಲ್ಟೇಜು ಮಾತ್ರ ಸಿಗುತ್ತದೆ ಎಂಬುದನ್ನು ಸಂಜೆ ಏಳರ ಹೊತ್ತಿಗೆ ತೆವಳತೊಡಗುವ ಫ್ಯಾನುಗಳೇ ಹೇಳುತ್ತವೆ. ಮಳೆಗಾಲದಲ್ಲಿ ಅದೂ ಇಲ್ಲ. ಕೆಳಗಿನ ಕಾಡಿನಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿದರೆ ಮೊದಲು ಪೇಟೆಯ ಸಾಲು, ಆಮೇಲೆ ಊರಿನ ಸಾಲು, ಕೊನೆಗೆ ನಮ್ಮದು ಸರಿಯಾಗುತ್ತದೆ. ಅದು ನ್ಯಾಯವೇ ಇರಬಹುದು, ಆದರೆ ಮೂರನೆಯ ರಾತ್ರಿ ಕತ್ತಲೆಯಲ್ಲಿ ಕೂತವರಿಗೆ ಆ ನ್ಯಾಯದಿಂದ ಸಮಾಧಾನ ಸಿಗುವುದಿಲ್ಲ. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು, ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟುಗಳು, ಶರಾವತಿಗೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ವಿದ್ಯುದಾಗಾರ, ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಲಾಟೀನಿನ ಗಾಜು ಒರೆಸುತ್ತ ಕೂರುವುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಅದನ್ನೊಂದು ದೂರು ಎಂದು ಯಾರೂ ಎಣಿಸುತ್ತಿರಲಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಐದು ರಾತ್ರಿ ಕರೆಂಟು ಇರಲಿಲ್ಲ. ಡಿಪ್ಲೊಮಾ ಓದುತ್ತಿದ್ದ ಪಕ್ಕದ ಮನೆಯ ಹುಡುಗ ಆಗ ಬಂದು, “ಮಾಸ್ತರೇ, ದೀಪ ಆರಿಸಿದ ಗಾಳಿಯಿಂದಲೇ ದೀಪ ಹಚ್ಚಲಿಕ್ಕೆ ಬರುವುದಿಲ್ಲವೋ?” ಎಂದು ಕೇಳಿದ. ನಿವೃತ್ತನಾಗಿ ಹೊತ್ತು ಹೋಗದೆ ಕೂತಿದ್ದ ನನಗೆ ಆ ಪ್ರಶ್ನೆ ಅಂಟಿಕೊಂಡಿತು. ಒಂಬತ್ತು ತಿಂಗಳು ವಿಚಾರಿಸಿ, 2022ರ ಫೆಬ್ರವರಿಯಲ್ಲಿ ಆರು ಮನೆಯವರು ಸೇರಿ ಒಂದು ಕಿಲೋವ್ಯಾಟ್ ಗಾಳಿಯಂತ್ರವನ್ನೂ ಅದರ ಜೊತೆಗೆ 600 ವ್ಯಾಟಿನ ಸೌರ ಫಲಕಗಳನ್ನೂ ಹಾಕಿಸಿದೆವು. ಮೂರು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಒಂದೇ ಯಂತ್ರವನ್ನು ಕಂಡು ಕಂಪನಿಯನ್ನು ಅಳೆಯುವುದು ಸರಿಯಲ್ಲ. ಮೇಲಾಗಿ ನಾನು ಹೇಳಹೊರಟಿರುವುದರಲ್ಲಿ ಹೆಚ್ಚಿನದು ಈ ಗಾತ್ರದ ಯಾವ ಯಂತ್ರಕ್ಕೂ ಸಲ್ಲುತ್ತದೆ.

ಯಂತ್ರದ ರಚನೆ ಸರಳವಾಗಿದೆ. ಫೈಬರಿನ ಮೂರು ಅಲಗುಗಳು, ಅವು ತಿರುಗಿ ಬಿಡಿಸುವ ವೃತ್ತದ ಅಡ್ಡಳತೆ 2.7 ಮೀಟರ್, ಹಿಂದೆ ವಿದ್ಯುತ್ ಹುಟ್ಟಿಸುವ ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರು, ಅದರ ಹಿಂದೆ ಗಾಳಿ ಬಂದ ದಿಕ್ಕಿಗೆ ಮುಖ ತಿರುಗಿಸುವ ಬಾಲ. ಕೇರಿಯವರು ಇದನ್ನು ಮೊದಲ ದಿನದಿಂದ ‘ಫ್ಯಾನು’ ಎಂದೇ ಕರೆಯುತ್ತಾರೆ. ಮೂರು ಫೇಸಿನಲ್ಲಿ ಹುಟ್ಟುವ ವಿದ್ಯುತ್ತು ಗಾಳಿಯ ವೇಗದಂತೆ ಏರಿಳಿಯುವುದರಿಂದ ನೇರವಾಗಿ ಬಳಕೆಗೆ ಬರುವುದಿಲ್ಲ. ಕೆಳಗಿರುವ ನಿಯಂತ್ರಕ, ಅಂದರೆ ಕಂಟ್ರೋಲರು, ಅದನ್ನು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಮಾಡಿ 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳಿಗೆ ತುಂಬುತ್ತದೆ, ಬ್ಯಾಟರಿ ತುಂಬಿದ ಮೇಲೆ ಉಳಿದದ್ದನ್ನು ಡಂಪ್ ಲೋಡ್ ಎಂಬ ಬಿಸಿಯಾಗುವ ಸುರುಳಿಗೆ ಸುರಿಯುತ್ತದೆ. ಗಾಳಿ ವಿಪರೀತವಾದಾಗ ಬಾಲ ತಾನಾಗಿ ಮಡಚಿಕೊಂಡು ಚಕ್ರ ಓರೆಯಾಗುತ್ತದೆ. ಇವೆಲ್ಲವೂ ಕರಪತ್ರದಲ್ಲಿ ಹೇಳಿದಂತೆಯೇ ಕೆಲಸ ಮಾಡುತ್ತವೆ. ಯಂತ್ರದ ಮೇಲೆ ನನ್ನ ತಕರಾರು ಕಡಿಮೆ.

ತಕರಾರು ಇರುವುದು ‘ಒಂದು ಕಿಲೋವ್ಯಾಟ್’ ಎಂಬ ಮಾತಿನ ಮೇಲೆ. ಕರಪತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವಂತೆ ಅದು ಸೆಕೆಂಡಿಗೆ 11 ಮೀಟರ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದ ಗಾಳಿಗೆ ಸಿಗುವ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದೇ ನಿಯಮದಿಂದ ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲೊಂದು ಪಾಲಿಗಿಳಿಯುತ್ತದೆ. ಹೀಗಾಗಿ ಒಣಹಾಕಿದ ಪಂಚೆ ಪಟಪಟ ಎನ್ನುವಷ್ಟು, ಸೆಕೆಂಡಿಗೆ 5 ಮೀಟರಿನ ಒಳ್ಳೆಯ ಗಾಳಿಯಲ್ಲಿಯೂ ನಮ್ಮ ಸಾವಿರ ವ್ಯಾಟಿನ ಯಂತ್ರ ಕೊಡುವುದು ನೂರು ನೂರಿಪ್ಪತ್ತು ವ್ಯಾಟ್. 3 ಮೀಟರಿಗಿಂತ ಕೆಳಗೆ ಅಲಗುಗಳು ಆಲಸ್ಯದಿಂದ ತಿರುಗಿದರೂ ಬ್ಯಾಟರಿಗೆ ಏನೂ ಇಳಿಯುವುದಿಲ್ಲ. ಗಾಳಿಯ ಶಕ್ತಿಯಲ್ಲಿ ಶೇಕಡ 59ಕ್ಕಿಂತ ಹೆಚ್ಚನ್ನು ಯಾವ ಚಕ್ರವೂ ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದಾನೆ, ಸಣ್ಣ ಯಂತ್ರಗಳು ಅದರ ಅರ್ಧವನ್ನು ಹಿಡಿದರೆ ದೊಡ್ಡದು. ಆದ್ದರಿಂದ ಕೊಳ್ಳುವವರು ಕಿಲೋವ್ಯಾಟನ್ನು ಕೇಳಬಾರದು. ಚಕ್ರದ ಅಡ್ಡಳತೆ ಎಷ್ಟು, ಸೆಕೆಂಡಿಗೆ 4 ಮತ್ತು 5 ಮೀಟರ್ ಗಾಳಿಗೆ ಎಷ್ಟು ವ್ಯಾಟ್ ಬರುತ್ತದೆ ಎಂದು ಕೇಳಬೇಕು. ನಾವು ಕೇಳಲಿಲ್ಲ.

ಜಾಗದ ವಿಷಯದಲ್ಲಿ ಮಾತ್ರ ನಮ್ಮ ಅದೃಷ್ಟ ಚೆನ್ನಾಗಿತ್ತು. ಕಡಲತೀರ ಎಂದರೆ ಗಾಳಿ ಎಂದು ಎಲ್ಲರೂ ಭಾವಿಸುತ್ತಾರೆ, ಆದರೆ ನಮ್ಮ ತೀರದಲ್ಲಿ ಅರವತ್ತು ಎಪ್ಪತ್ತು ಅಡಿಯ ತೆಂಗು ಒತ್ತೊತ್ತಾಗಿ ನಿಂತಿದೆ, ಅದರ ಮುಂದೆ ಗಾಳಿಮರದ ನೆಡುತೋಪು ಇದೆ. ಗಾಳಿಮರ ಎಂಬ ಹೆಸರು ಹೊತ್ತದ್ದೇ ಗಾಳಿಯನ್ನು ತಡೆದು ನಿಲ್ಲಿಸುವುದಕ್ಕೆ! ಚಕ್ರವು ಸುತ್ತಲಿನ ನೂರೈವತ್ತು ಮೀಟರಿನೊಳಗಿರುವ ಯಾವ ಮರಕ್ಕಿಂತಲೂ ಮನೆಗಿಂತಲೂ ಕನಿಷ್ಠ 10 ಮೀಟರ್ ಮೇಲಿರಬೇಕು ಎಂಬುದು ಈ ಕೆಲಸದ ಮೊದಲ ಪಾಠ. ತೆಂಗಿನ ತೋಟದ ನಡುವೆ ಅಷ್ಟೆತ್ತರದ ಕಂಬ ನಿಲ್ಲಿಸಲು ಯಂತ್ರಕ್ಕಿಂತ ಹೆಚ್ಚು ಹಣ ಬೇಕು. ನಾವು ಬಿದಿರಿನ ಗಳಕ್ಕೆ ಹಳೆಯ ಸೀರೆಯ ಪಟ್ಟಿ ಕಟ್ಟಿ ಒಂದನ್ನು ಅಂಗಳದಲ್ಲಿ, ಒಂದನ್ನು ಗುಡ್ಡದ ಬೋಳು ನೆತ್ತಿಯಲ್ಲಿ ನಿಲ್ಲಿಸಿ ನೋಡಿದೆವು. ಅಂಗಳದ್ದು ನೇತಾಡುತ್ತಿದ್ದ ಹೊತ್ತಿನಲ್ಲಿ ನೆತ್ತಿಯದ್ದು ನೆಲಕ್ಕೆ ಸಮನಾಗಿ ಚಾಚಿಕೊಂಡಿತ್ತು. ಆ ನೆತ್ತಿಯ ಗೇರು ಮರಗಳೆಲ್ಲ ಪಡುಗಾಳಿಗೆ ಬೆನ್ನು ಕೊಟ್ಟು ಮೂಡಣಕ್ಕೆ ವಾಲಿಕೊಂಡೇ ಬೆಳೆದಿವೆ ಎಂಬುದನ್ನು ಐವತ್ತು ವರ್ಷ ಕಣ್ಣೆದುರಿಗಿದ್ದರೂ ನಾನು ಗಮನಿಸಿದ್ದು ಅಂದೇ. ಒಂದು ವರ್ಷ ವೇಗಮಾಪಕ ಇಟ್ಟು ಅಳೆದು ನಿರ್ಧರಿಸುವುದು ಶಾಸ್ತ್ರೋಕ್ತ ಕ್ರಮ. ಅಷ್ಟು ತಾಳ್ಮೆ ಇಲ್ಲದವರು ಮರಗಳನ್ನಾದರೂ ನೋಡಬೇಕು.

ಗದಗ, ಚಿತ್ರದುರ್ಗ, ಬಳ್ಳಾರಿಯ ಕಡೆ ಹೋದವರು ಗುಡ್ಡಸಾಲಿನ ಮೇಲೆ ನಿಂತ ದೈತ್ಯ ಯಂತ್ರಗಳನ್ನು ಕಂಡಿರುತ್ತಾರೆ. ಅವುಗಳ ಚಕ್ರ ತಿರುಗುವುದು ನೆಲದಿಂದ 80, 100 ಮೀಟರ್ ಎತ್ತರದಲ್ಲಿ, ಅಲ್ಲಿ ಸಿಗುವ ಗಾಳಿಯೇ ಬೇರೆ, ಅವು ತುಂಬುವುದು ಗ್ರಿಡ್ಡಿಗೆ. ಕರ್ನಾಟಕದಲ್ಲಿ ಅಂಥ ಯಂತ್ರಗಳ ಒಟ್ಟು ಸಾಮರ್ಥ್ಯ 5 ಸಾವಿರ ಮೆಗಾವ್ಯಾಟನ್ನು ದಾಟಿದೆ ಎಂಬ ಸಂಗತಿಯಿಂದ 12 ಮೀಟರಿನ ಕಂಬದ ಮೇಲಿರುವ ನಮ್ಮ ಫ್ಯಾನಿನ ಬಗ್ಗೆ ಏನೂ ತಿಳಿಯುವುದಿಲ್ಲ. ಮಾರಾಟಗಾರರು ಆ ಚಿತ್ರ ತೋರಿಸಿ ಈ ಯಂತ್ರ ಮಾರುವುದು ಆನೆಯ ಪಟ ತೋರಿಸಿ ಕರು ಮಾರಿದಂತೆ.

ಇನ್ನು ಇಳುವರಿ. ನಿಯಂತ್ರಕದ ಮೇಲಿನ ಮೀಟರನ್ನು ನೋಡಿ ನಾನು ಪ್ರತಿ ತಿಂಗಳ ಕೊನೆಗೆ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೇನೆ. 2023ರ ಜುಲೈನಲ್ಲಿ ಗಾಳಿಯಿಂದ ಬಂದದ್ದು 71 ಯೂನಿಟ್, ಫಲಕಗಳಿಂದ ಬಂದದ್ದು 30. ಮರುವರ್ಷದ ಜನವರಿಯಲ್ಲಿ ಗಾಳಿಯದ್ದು 9, ಫಲಕಗಳದ್ದು 78. ಈ ನಾಲ್ಕು ಅಂಕಿಗಳಲ್ಲಿ ನಮ್ಮ ಕರಾವಳಿಯ ಗಾಳಿಯ ಸ್ವಭಾವವೆಲ್ಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುವ ಗಾಳಿ ಹಗಲು ರಾತ್ರಿ ಎನ್ನದೆ ದುಡಿಸುತ್ತದೆ. ಉಳಿದ ಎಂಟು ತಿಂಗಳು ಮಧ್ಯಾಹ್ನದ ಕಡಲಗಾಳಿ ನಾಲ್ಕು ಗಂಟೆ ತಿರುಗಿಸಿ ಸಂಜೆ ಕೈಬಿಡುತ್ತದೆ. ಚಳಿಗಾಲದ ಬೆಳಗುಗಳಲ್ಲಿ ಬಾಲದ ಮೇಲೆ ಕಾಗೆ ಕೂತಿರುತ್ತದೆ. ಗಾಳಿಯಂತ್ರ ನಮ್ಮಲ್ಲಿ ಮಳೆಗಾಲದ ಬೆಳೆ. ಸೂರ್ಯ ವಾರಗಟ್ಟಲೆ ಮುಖ ತೋರದ, ತಂತಿಯ ಮೇಲೆ ಮರ ಬೀಳುವ, ಕರೆಂಟು ನಿಜವಾಗಿ ಬೇಕಾಗುವ ದಿನಗಳಲ್ಲೇ ಅದು ಫಸಲು ಕೊಡುತ್ತದೆ. ಅದೊಂದೇ ಕಾರಣಕ್ಕೆ ನಾನು ಇದನ್ನು ಕೊಂಡದ್ದಕ್ಕೆ ಪಶ್ಚಾತ್ತಾಪ ಪಟ್ಟಿಲ್ಲ.

2022ರ ಮಳೆಗಾಲ ಮಾತ್ರ ಇದಕ್ಕೆ ಅಪವಾದ. ಆ ವರ್ಷ ಜೂನ್ 9ರ ರಾತ್ರಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು ನಿಯಂತ್ರಕ ಸುಟ್ಟಿತು. ಕೆಂಪುಕಲ್ಲಿನ ಗುಡ್ಡದಲ್ಲಿ ಅರ್ಥಿಂಗ್ ಹಿಡಿಯುವುದು ಕಷ್ಟ ಎಂಬುದು ಇಲ್ಲಿಯ ಯಾವ ವಯರಿಂಗ್ ಕೆಲಸದವನಿಗೂ ಗೊತ್ತು. ದೂರದಿಂದ ಬಂದ ಅಳವಡಿಕೆಯ ತಂಡ ಮೂರಡಿಯ ಒಂದು ಸರಳು ಹುಗಿದು ಹೋಗಿತ್ತು. ಅವರ ಸೇವಾ ಸಂಖ್ಯೆಗೆ ಫೋನು ಮಾಡಿದರೆ ದೂರು ದಾಖಲಾಗಿದೆ ಎಂಬ ಉತ್ತರ ಪ್ರತಿ ಸಲವೂ ಅತ್ಯಂತ ಸೌಜನ್ಯದಿಂದ ಬಂತು. ಹೊಸ ನಿಯಂತ್ರಕ ಬಂದದ್ದು ಜುಲೈ 21ಕ್ಕೆ. ನಲವತ್ತೆರಡು ದಿನ, ವರ್ಷದ ಅತ್ಯುತ್ತಮ ಗಾಳಿಯಲ್ಲಿ, ಬ್ರೇಕು ಹಾಕಿ ನಿಲ್ಲಿಸಿದ ಯಂತ್ರವನ್ನು ನಾವು ಜಗಲಿಯಿಂದ ನೋಡುತ್ತ ಕೂತೆವು. ಆಷಾಢದ ಗಾಳಿ ಮನೆಯ ಹಂಚು ಹಾರಿಸುತ್ತಿದ್ದಾಗ ಕೆಳಮನೆಯ ದೊಡ್ಡಮ್ಮ ಲಾಟೀನು ಹಿಡಿದು ಬಂದು, “ತಮಾ, ನಿನ್ನ ಫ್ಯಾನಿಗೂ ಕರೆಂಟಿಲ್ಲವನೋ?” ಎಂದು ಕೇಳಿದ್ದನ್ನು ಕೇರಿಯವರು ಈಗಲೂ ನನಗೆ ನೆನಪಿಸುತ್ತಾರೆ.

ಆ ದಿನಗಳಲ್ಲಿ ನಾವಾಗಿಯೇ ಕಲಿತ ಒಂದು ವಿಷಯವನ್ನು ಅಳವಡಿಕೆಯವರು ಮೊದಲೇ ಹೇಳಬೇಕಿತ್ತು. ಈ ಯಂತ್ರಕ್ಕೆ ಹೊರೆಯೇ ಕಡಿವಾಣ. ತಿರುಗುತ್ತಿರುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿದರೆ ಹೊರೆ ತಪ್ಪಿ ಚಕ್ರ ಹುಚ್ಚು ವೇಗ ಹಿಡಿಯುತ್ತದೆ, ಅಲಗು ಮುರಿದು ಹಾರುವುದು ಅಂಥ ಹೊತ್ತಿನಲ್ಲೇ. ಮೊದಲು ಬ್ರೇಕಿನ ಸ್ವಿಚ್ಚು ಹಾಕಬೇಕು. ಅದು ಆಲ್ಟರ್ನೇಟರಿನ ಮೂರು ಫೇಸುಗಳನ್ನು ಒಂದಕ್ಕೊಂದು ಸೇರಿಸಿ ಚಕ್ರವನ್ನು ಬಿಗಿಹಿಡಿಯುತ್ತದೆ. ಅದನ್ನೂ ಭರ್ರೆಂದು ಬೀಸುವಾಗ ಹಾಕಿದರೆ ಸುರುಳಿ ಸುಟ್ಟೀತು. ಗಾಳಿ ಎರಡು ಬೀಸುಗಳ ನಡುವೆ ಉಸಿರು ತೆಗೆದುಕೊಳ್ಳುವ ಕ್ಷಣಕ್ಕೆ ಕಾದು ಹಾಕಬೇಕು. ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ನಾನು ಇದನ್ನು ಸುಣ್ಣದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿದ್ದೇನೆ.

2023ರ ಆಗಸ್ಟಿನಲ್ಲಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫೈಯರು ಕೆಟ್ಟಾಗ ನಾವು ಕಂಪನಿಗೆ ಫೋನನ್ನೇ ಮಾಡಲಿಲ್ಲ. ಪೇಟೆಯಲ್ಲಿ ತೋಟದ ಪಂಪುಗಳ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದೆವು. ಅವನು ನಿಯಂತ್ರಕದ ಮುಚ್ಚಳ ತೆಗೆದು, ಕರಕಲಾದ ಬೆರಳುದ್ದದ ಚೌಕವನ್ನು ಮೂಗಿನ ಹತ್ತಿರ ಹಿಡಿದು ಮೂಸಿ, “ಇದು ವೆಲ್ಡಿಂಗ್ ಮಶೀನಿನಲ್ಲಿ ಇರುವುದೇ ಅಲ್ಲವೋ” ಎಂದು ಮರುದಿನ ತಂದು ಕೂರಿಸಿದ. ವಿಚಾರಣೆಯ ಹಂತದಲ್ಲಿ ನಾವು ಗಾಳಿಯ ಬಗ್ಗೆ ನೂರು ಪ್ರಶ್ನೆ ಕೇಳಿದ್ದೆವು. ಕೇಳಬೇಕಿದ್ದ ಪ್ರಶ್ನೆ, ಕೆಟ್ಟರೆ ಇಪ್ಪತ್ತು ಕಿಲೋಮೀಟರಿನೊಳಗೆ ಯಾರು ಬಿಚ್ಚಿ ಜೋಡಿಸುತ್ತಾರೆ ಎಂಬುದು. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುವ ನಾನು ಮಾರಾಟದ ನಂತರದ ಸೇವೆಗೆ ಒಂದನ್ನೂ ಮನಸ್ಸಿಲ್ಲದೆ ಕೊಡುತ್ತೇನೆ.

ನಿರ್ವಹಣೆ ಎಂದರೆ ಮುಖ್ಯವಾಗಿ ಉಪ್ಪಿನೊಡನೆ ಜಗಳ. ಕಡಲು ನಮ್ಮಿಂದ ಮೂರು ಕಿಲೋಮೀಟರ್ ದೂರದಲ್ಲಿದ್ದರೂ ಒಂದೇ ಮಳೆಗಾಲದಲ್ಲಿ ಸಾದಾ ಬೋಲ್ಟುಗಳ ತಲೆ ತುಕ್ಕು ಹಿಡಿದು ಪಾನಾ ಕೂರದಂತಾಯಿತು, ತಂತಿ ಜೋಡಿಸುವ ತಾಮ್ರದ ಲಗ್ಗುಗಳ ಮೇಲೆ ಹಸಿರು ಕಿಲುಬು ಕಟ್ಟಿತು. ಎರಡನೆಯ ವರ್ಷ ಬಾಲ ಮಡಚುವ ಪಿನ್ನೇ ತುಕ್ಕಿನಿಂದ ಬಿಗಿದುಕೊಂಡು, ಜೋರು ಗಾಳಿಯಲ್ಲಿ ಓರೆಯಾಗಬೇಕಿದ್ದ ಚಕ್ರ ಎದೆ ಕೊಟ್ಟು ನಿಂತು ಇಡೀ ಕಂಬವನ್ನು ನಡುಗಿಸಿತು. ಈಗ ಎಲ್ಲ ಬೋಲ್ಟುಗಳನ್ನೂ ಸ್ಟೀಲಿನವಕ್ಕೆ ಬದಲಿಸಿದ್ದೇವೆ, ಮೂರು ಅರ್ಥಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹನಿಸುತ್ತೇವೆ. ಪ್ರತಿ ಏಪ್ರಿಲ್‌ನಲ್ಲಿ ಕಂಬವನ್ನು ಇಳಿಸುತ್ತೇವೆ. ಬುಡದಲ್ಲಿ ತಿರುಗಣಿ ಇರುವ, ನಾಲ್ಕು ಕಡೆ ಸ್ಟೇ ವಯರು ಬಿಗಿದ ಪೈಪಿನ ಕಂಬವಾದ್ದರಿಂದ ಚೈನ್ ಪುಲ್ಲಿ ಹಾಕಿ ನಿಧಾನವಾಗಿ ಮಲಗಿಸಬಹುದು. ಆರು ಜನ ಬೇಕು. ಒಬ್ಬರು ಹಗ್ಗ ಸಡಿಲಿಸಿದರೂ ತೇರಿನ ಹಗ್ಗ ಕೈತಪ್ಪಿದಂತೆಯೇ. ಮಲಗಿದ ಯಂತ್ರದ ಅಲಗಿನ ಅಂಚನ್ನು ಬೆರಳಿನಿಂದ ಸವರಿದರೆ ಮಳೆಹನಿಗಳು ಕೊರೆದ ತರಿತರಿ ಕೈಗೆ ತಾಕುತ್ತದೆ. ಅಲ್ಲಿಗೆ ಟೇಪು ಸುತ್ತಿ, ಬೇರಿಂಗಿಗೆ ಗ್ರೀಸು ತುಂಬಿ ಮತ್ತೆ ಎತ್ತುವ ಹೊತ್ತಿಗೆ ಸಂಜೆಯಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ನಂತರ ನಾವು ಸ್ಟೇ ವಯರಿನ ಕಾಂಕ್ರೀಟ್ ದಿಮ್ಮಿಗಳ ಸುತ್ತ ನೆಲ ಬಿರುಕು ಬಿಟ್ಟಿದೆಯೇ ಎಂದು ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿ ಬರುತ್ತೇವೆ. ಗುಡ್ಡ ಕಡಿದ ಅಂಚಿನಲ್ಲಿ ಇಂಥ ಕಂಬ ಹಾಕಲೇಬಾರದು.

ಸದ್ದಿನ ಬಗ್ಗೆ ಕೇಳುವವರಿಗೆ ಒಂದೇ ಮಾತು: ಮನೆಯಿಂದ ಎಂಬತ್ತು ಮೀಟರ್ ದೂರವಿದ್ದರೆ ಮಳೆಯ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ, ಬಾಲ ಮಡಚಿಕೊಂಡಾಗ ಮಾತ್ರ ಗರಗರ ಎನ್ನುತ್ತದೆ.

ಹಂಚಿಕೆ ಯಂತ್ರಕ್ಕಿಂತ ಸೂಕ್ಷ್ಮವಾದದ್ದು. ‘ಗಾಳಿ ಬಂದಾಗ ತೂರಿಕೋ’ ಎಂದವರು ತೂರಿದ ಕಾಳನ್ನು ತುಂಬಿಡುವ ಕಣಜದ ಗಾತ್ರದ ಬಗ್ಗೆ ಏನೂ ಹೇಳಿಲ್ಲ. ನಮ್ಮ ಕಣಜ ನಾಲ್ಕು ಬ್ಯಾಟರಿ, ಅವುಗಳ ಆಯುಸ್ಸು ಉಳಿಯಬೇಕಾದರೆ ಅರ್ಧದಷ್ಟು, ಅಂದರೆ ಮೂರೂವರೆ ಯೂನಿಟ್, ಮಾತ್ರ ತೆಗೆಯಬೇಕು. ಹಾಗಾಗಿ ಮನೆಗೆ ನಾಲ್ಕು ಎಲ್‌ಇಡಿ ದೀಪ, ಕಡಿಮೆ ವ್ಯಾಟಿನ ಒಂದು ಫ್ಯಾನು, ಮೊಬೈಲ್ ಚಾರ್ಜು ಎಂದು ನಿಗದಿಯಾಯಿತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪು ಕೂಡದು. ಮೊದಲ ವರ್ಷದ ಚೌತಿಯ ದಿನ ಯಾರೋ ಕಾಯಿ ರುಬ್ಬಲು ಮಿಕ್ಸಿ ಹಾಕಿ ಇನ್ವರ್ಟರು ಟ್ರಿಪ್ಪಾಗಿ ಆರೂ ಮನೆ ಕತ್ತಲಾಯಿತು. ಯಾರೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಹೇಳಲಿಲ್ಲ, ಅಲ್ಲಿಂದೀಚೆಗೆ ಅದು ಮರುಕಳಿಸಿಲ್ಲ. ಮನೆಗೆ ತಿಂಗಳಿಗೆ 150 ರೂಪಾಯಿಯಂತೆ ಬ್ಯಾಟರಿ ನಿಧಿಗೆ ಕೂಡಿಸುತ್ತೇವೆ. ವರ್ಷಕ್ಕೆ 10,800 ರೂಪಾಯಿಯಾಗುತ್ತದೆ, ಐದೂವರೆ ವರ್ಷಕ್ಕೆ ಹೊಸ ನಾಲ್ಕು ಬ್ಯಾಟರಿ ಬರುತ್ತವೆ.

ಹಣದ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ಯಂತ್ರ ಮತ್ತು ನಿಯಂತ್ರಕಕ್ಕೆ 1,20,000 ರೂಪಾಯಿ, ಕಂಬ ಮತ್ತು ಅಡಿಪಾಯಕ್ಕೆ 65,000, ಬ್ಯಾಟರಿಗಳಿಗೆ 60,000, ಫಲಕಗಳಿಗೆ 27,000, ಇನ್ವರ್ಟರು ಮತ್ತು ವಯರಿಂಗಿಗೆ 38,000, ಒಟ್ಟು 3,10,000. ಪಾಲಿಗೆ ಬಂದ ಐವತ್ತೊಂದು ಸಾವಿರ ಚಿಲ್ಲರೆಗೆ ಇಬ್ಬರು ಸಹಕಾರ ಸಂಘದಲ್ಲಿ ಸಾಲ ಮಾಡಿದರು. ವರ್ಷಕ್ಕೆ ಗಾಳಿಯಿಂದ ಬರುವುದು ಸುಮಾರು 390 ಯೂನಿಟ್. ಯಂತ್ರ ಹದಿನೈದು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೂ ಯಂತ್ರ ಮತ್ತು ಕಂಬದ ಖರ್ಚೇ ಯೂನಿಟ್ಟಿಗೆ ಮೂವತ್ತು ರೂಪಾಯಿ ದಾಟುತ್ತದೆ. ಫಲಕಗಳ ಖರ್ಚನ್ನು ಇದೇ ರೀತಿ ಭಾಗಿಸಿದರೆ ಯೂನಿಟ್ಟಿಗೆ ಎರಡು ರೂಪಾಯಿಯ ಆಸುಪಾಸು. ತಿಂಗಳಿಗೆ 200 ಯೂನಿಟ್‌ನೊಳಗೆ ಬಳಸುವ ಮನೆಗಳಿಗೆ 2023ರಿಂದ ಗೃಹಜ್ಯೋತಿಯ ಶೂನ್ಯ ಬಿಲ್ಲು ಬರುತ್ತಿರುವಾಗ ಉಳಿತಾಯದ ಹೆಸರಿನಲ್ಲಿ ಗಾಳಿಯಂತ್ರ ಕೊಳ್ಳುವವರು ಲೆಕ್ಕ ಬಾರದವರೇ ಇರಬೇಕು.

ಹಾಗಾದರೆ ಆ ಹಣಕ್ಕೆ ಫಲಕಗಳನ್ನೇ ಹೆಚ್ಚಿಸಬಹುದಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು, ಇಂದು ಮತ್ತೆ ಆರಂಭಿಸುವುದಾದರೆ ನಾನು ಮೊದಲು ಮಾಡುವುದು ಅದನ್ನೇ. 600 ವ್ಯಾಟಿನ ಬದಲು 1,200 ಹಾಕಿ ಒಂದು ಮಳೆಗಾಲ ನೋಡಿ, ಆಮೇಲೆ ಗಾಳಿಯ ಮಾತು. ಆದರೆ ಜುಲೈನಲ್ಲಿ ಜಡಿಮಳೆ ಹಿಡಿದ ನಾಲ್ಕೈದು ದಿನಗಳಲ್ಲಿ ಫಲಕಗಳನ್ನು ಎಷ್ಟು ಹೆಚ್ಚಿಸಿದರೂ ಬರುವುದು ಅತ್ಯಲ್ಪ. ಅದೇ ದಿನಗಳಲ್ಲಿ ಯಂತ್ರ ರಾತ್ರಿಯಿಡೀ ತುಂಬುತ್ತದೆ, ಬ್ಯಾಟರಿ ಬರಿದಾಗಿ ಕೂತು ಕೆಡುವುದು ತಪ್ಪುತ್ತದೆ. ಕೆಳಗಿನ ಊರಿನಲ್ಲಿ ಸರ್ಕಾರದ ಸಹಾಯಧನ ಪಡೆದು ಛಾವಣಿಗೆ ಮೂರು ಕಿಲೋವ್ಯಾಟ್ ಹಾಕಿಸಿಕೊಂಡವರಿದ್ದಾರೆ. ಅವು ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆಗಳಾದ್ದರಿಂದ, ತಂತಿಯಲ್ಲಿ ಕೆಲಸ ಮಾಡುವವರಿಗೆ ಅಪಾಯವಾಗದಿರಲೆಂದು ಲೈನು ಹೋದೊಡನೆ ತಾವೂ ನಿಲ್ಲುತ್ತವೆ. ಬಿಲ್ಲಿಗೆ ಅವು ಉತ್ತಮ, ಕತ್ತಲೆಗೆ ಉಪಯೋಗವಿಲ್ಲ. ಇದನ್ನು ಗೊತ್ತಿಲ್ಲದೆ ಕೊಂಡ ಒಬ್ಬರು ಮಳೆಗಾಲದಲ್ಲಿ ಮೊಬೈಲ್ ಚಾರ್ಜಿಗೆ ನಮ್ಮ ಗುಡ್ಡ ಹತ್ತಿ ಬರುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನೆಂಟರು ನೋಡಿ ಹೋಗಿ ತಾವೂ ಹಾಕಿಸುವ ಮಾತಾಡಿದಾಗ ಬೇಡವೆಂದೇ ಹೇಳಿದ್ದೇನೆ. ಅಡಕೆ ತೋಟಗಳಿರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಮೇಲೆ ಸೊಪ್ಪಿನ ಬೆಟ್ಟ. ಗಾಳಿ ಮರಗಳ ತಲೆಯ ಮೇಲೆಯೇ ದಾಟಿಹೋಗುತ್ತದೆ. ಅಲ್ಲಿ ಮಳೆಗಾಲದ ಬೆಳೆ ಹಳ್ಳದ ನೀರು. ಮನೆಯ ಮೇಲ್ಗಡೆಯಿಂದ ಪೈಪಿನಲ್ಲಿ ಇಳಿಸಿದ ನೀರಿಗೆ ಪುಟ್ಟ ಟರ್ಬೈನು ಹಾಕಿಕೊಂಡು ದೀಪ ಉರಿಸುವ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ, ಆ ನೀರು ಗಾಳಿಯಂತೆ ಕ್ಷಣಕ್ಕೊಂದು ಬುದ್ಧಿ ತೋರಿಸುವುದಿಲ್ಲ. ನಮ್ಮಂತೆ ಬೋಳು ಗುಡ್ಡದ ನೆತ್ತಿಯವರು, ಅಳಿವೆಯ ನಡುವಿನ ತೆರೆದ ಕುರ್ವೆಗಳಲ್ಲಿ, ಅಂದರೆ ನಡುಗಡ್ಡೆಗಳಲ್ಲಿ, ತಂತಿಯ ಭರವಸೆ ಇಲ್ಲದೆ ಬದುಕುವವರು ಮಾತ್ರ, ಅದೂ ನಾಲ್ಕಾರು ಮನೆ ಕೂಡಿಕೊಂಡು, ಹತ್ತಿರದಲ್ಲಿ ಒಬ್ಬ ರಿಪೇರಿಯವನನ್ನು ಗೊತ್ತುಮಾಡಿಕೊಂಡು, ಇದರ ವಿಚಾರ ಮಾಡಬಹುದು.

ಬರುವ ಏಪ್ರಿಲ್‌ನ ಎರಡನೆಯ ಭಾನುವಾರ ಮತ್ತೆ ಕಂಬ ಇಳಿಸುತ್ತೇವೆ. ಈ ಸಲ ಒಂದು ಅಲಗಿನ ಬುಡದಲ್ಲಿ ಕೂದಲೆಳೆಯ ಗೆರೆಯೊಂದು ದುರ್ಬೀನಿನಲ್ಲಿ ಕಾಣುತ್ತಿದೆ. ಬಣ್ಣ ಬಿರಿದದ್ದೋ ಫೈಬರೇ ಸೀಳಿದ್ದೋ ಎಂಬುದು ಕೆಳಗಿಳಿದ ಮೇಲೆ ತಿಳಿಯಬೇಕು. ಸೀಳಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ, ತೂಕ ಹೊಂದದ ಅಲಗು ಬೇರಿಂಗನ್ನು ತಿನ್ನುತ್ತದೆ. ಹೊಸ ಅಲಗುಗಳಿಗೆ ದರ ಕೇಳಿ ಜನವರಿಯಲ್ಲೇ ಬರೆದಿದ್ದೇನೆ, ದೂರು ದಾಖಲಾಗಿದೆ ಎಂದು ಉತ್ತರ ಬಂದಿದೆ.